ಮನೆ ತುಂಬ ತುಳಸಾ

ನಮ್ಮ ಊರಿನಲ್ಲಿ ಯಾರನ್ನಾದರೂ ಹೆಸರು ಹಿಡಿದು ಕೂಗುವ ಮುಂಚೆ ಒಂದು ಗಳಿಗೆ ಯೋಚಿಸುತ್ತೇವೆ. ಕೂಗಿದ ಹೆಸರಿಗೆ ಆ ಮನುಷ್ಯ ಓಗೊಟ್ಟರೆ ಸರಿ, ಕೂಗು ಅಲ್ಲಿಗೇ ಮುಗಿಯಿತು. ಓಗೊಡದಿದ್ದರೆ ಅದು ಎಲ್ಲಿಗೂ ಹೋಗುವುದಿಲ್ಲ. ಕೂಗಿದವರ ದನಿಯಲ್ಲೇ ತೊಲೆಯ ಸಂದಿಯಲ್ಲೋ ಬಾಗಿಲ ಮೇಲೋ ಕೂತು ಸಣ್ಣಗೆ ಗುಂಯ್‌ಗುಡುತ್ತಿರುತ್ತದೆ. ಹೆಸರಿನವರು ಬಂದು, ಕೂಗಿದವರ ಎದುರು ನಿಂತು, ಓ ಅಂದ ಮೇಲಷ್ಟೇ ಆರುತ್ತದೆ. ಹೀಗಾಗಿ ನಮ್ಮಲ್ಲಿ ಹಾಲಿನವನು ಗಂಟೆ ಅಲ್ಲಾಡಿಸುತ್ತಾನೆ, ನೆಂಟರು ಬಾಗಿಲ ಚಿಲಕ ಬಡಿಯುತ್ತಾರೆ, ಹೊಲದಲ್ಲಿ ದೂರ ಇದ್ದವರಿಗೆ ಚಪ್ಪಾಳೆ ತಟ್ಟುತ್ತಾರೆ. ಗಂಡನ ಮೇಲೆ ಮುನಿಸಿಕೊಂಡು ಓ ಅನ್ನದೆ ತವರಿಗೆ ಹೋದ ಹೆಂಗಸಿನ ಹೆಸರು ಹೊಸ್ತಿಲ ಮೇಲೆ ವಾರಗಟ್ಟಲೆ ತೂಗಾಡುವುದರಿಂದ, ಜಗಳ ಮುಚ್ಚಿಡಲು ಯಾರಿಗೂ ಆಗುವುದಿಲ್ಲ. ಶಾಲೆಯಲ್ಲಿ ಮಾಸ್ತರರು ಹಾಜರಿ ಕರೆದಾಗ, ಜ್ವರ ಬಂದು ಮನೆಯಲ್ಲಿ ಮಲಗಿದ ಮಕ್ಕಳ ಹೆಸರು ಅವರವರ ಜಾಗದ ಮೇಲೆ ನಿಂತಿರುತ್ತದೆ. ಪಕ್ಕದ ಮಕ್ಕಳು ಅದಕ್ಕೆ, "ತಡೀ, ನಾಳಿ ಬರ್ತಾಳ" ಅಂತ ಸಮಾಧಾನ ಹೇಳುತ್ತಾರೆ.

ನನ್ನ ಹೆಸರು ಗುರವ್ವ. ಹೇಳಹೊರಟಿರುವುದು ನನ್ನ ಸೊಸೆ ಕಸ್ತೂರಿಯ ಸಂಗತಿ, ಅವಳ ಮಗಳು ತುಳಸಾಳ ಸಂಗತಿ. ಕಸ್ತೂರಿ ಹೊರಗಿನ ಊರಿನವಳು. ಅವಳ ತವರಿನಲ್ಲಿ ಕೂಗು ಕೂಗಿದ ಕೂಡಲೇ ಗಾಳಿಗೆ ಹೋಗಿಬಿಡುತ್ತದಂತೆ. ಮದುವೆಯಾಗಿ ಬಂದ ಹೊಸತರಲ್ಲಿ ಅಡುಗೆಮನೆಯಿಂದಲೇ ನನ್ನ ಮಗ ಮಹಾಂತೇಶನನ್ನು ಬಾಯಿ ತುಂಬ ಹೆಸರಿಟ್ಟು ಕೂಗುತ್ತಿದ್ದಳು. ಅವನು ಮನೆಯ ಮುಂಭಾಗದ ಸೈಕಲ್ ಅಂಗಡಿಯಲ್ಲಿ ಟ್ಯೂಬಿಗೆ ಗಾಳಿ ಹೊಡೆಯುತ್ತ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಮಧ್ಯಾಹ್ನ ಉಣ್ಣಲು ಒಳಗೆ ಬಂದರೆ ಅವನ ತಲೆಯ ಮೇಲೆ ಜೇನುಗೂಡು ಕಟ್ಟಿದ ಹಾಗೆ ಅವನದೇ ಹೆಸರು. ಒಬ್ಬರ ಕೂಗಿಗೆಲ್ಲ ಸೇರಿ ಒಂದು ಓ ಸಾಕು. ಅವನು ನಾಚಿಕೊಂಡು ಓ ಅನ್ನುತ್ತಿದ್ದ, ನಾನು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆ. ಅಂಥ ಬಾಯಿಯ ಹುಡುಗಿ, ಮಗಳು ಹುಟ್ಟಿದ ಮೇಲೆ ಸುಮ್ಮನಿರುತ್ತಾಳೆಯೆ? ತೊಟ್ಟಿಲಲ್ಲಿ ತುಳಸಾ, ಬಚ್ಚಲಲ್ಲಿ ತುಳಸಾ, ಬಿಸಿಲಿಗೆ ಮಲಗಿಸಿ ತುಳಸಾ. ಕೂಸಿನ ಹೆಸರು ತುಂಬುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಹತ್ತು-ಹನ್ನೊಂದು ತಿಂಗಳಾಗುವ ಹೊತ್ತಿಗೆ ಕೂಸು ಹೆಸರು ಕೇಳಿ ತಿರುಗಿ ನೋಡುತ್ತದೆ, ಆ ನೋಟವೇ ಅದರ ಓ. ಅವತ್ತು ಮನೆ ಒಮ್ಮೆಲೇ ನಿಶ್ಶಬ್ದವಾಗುತ್ತದೆ, ಓಣಿಗೆಲ್ಲ ಬೆಲ್ಲ ಹಂಚುತ್ತೇವೆ.

ನಮ್ಮ ಮನೆ ನಿಶ್ಶಬ್ದವಾಗಲಿಲ್ಲ. ತುಳಸಾಗೆ ವರ್ಷ ತುಂಬಿತು, ಒಂದೂವರೆಯೂ ಆಯಿತು. ಕೂಸು ಚೆಂದ ನಡೆಯುತ್ತಿತ್ತು, ಅದೂ ತುದಿಗಾಲಿನಲ್ಲಿ, ನೆಲ ಬಿಸಿಯಾಗಿದೆಯೇನೋ ಅನ್ನುವ ಹಾಗೆ. ಹಟವಿಲ್ಲ, ರಗಳೆಯಿಲ್ಲ. ಚಮಚಗಳನ್ನು ಗೋಡೆಯ ಬುಡದಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಇಟ್ಟು ಬೆಳಗಿನಿಂದ ಅದರ ಮುಂದೆ ಕೂತಿರುತ್ತಿದ್ದಳು. ನಡುವಿನಿಂದ ಒಂದನ್ನು ನಾನು ಸಾರಿಗೆ ಎತ್ತಿಕೊಂಡರೆ ಮಾತ್ರ ಎದೆ ಒಡೆಯುವಂತೆ ಅಳು. ಹಿಂದಕ್ಕೆ ಇಟ್ಟರೂ ಆ ಅಳು ಬೇಗ ನಿಲ್ಲುತ್ತಿರಲಿಲ್ಲ. ಅಂಗಡಿಯಲ್ಲಿ ಮಹಾಂತೇಶ ಸೈಕಲ್ ತಲೆಕೆಳಗೆ ನಿಲ್ಲಿಸಿ ಚಕ್ರ ತಿರುಗಿಸಿದರೆ ಓಡಿ ಹೋಗಿ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಅದನ್ನೇ ನೋಡುತ್ತಿದ್ದಳು, ಕೈಗಳನ್ನು ರೆಕ್ಕೆಯ ಹಾಗೆ ಬಡಿಯುತ್ತಿದ್ದಳು. ಆದರೆ ಹೆಸರು ಕೂಗಿದರೆ ತಿರುಗುತ್ತಿರಲಿಲ್ಲ. ಎದುರು ಕೂತು ಮುಖ ಹಿಡಿದು ಕರೆದರೆ ಕಣ್ಣು ಪಕ್ಕಕ್ಕೆ ಜಾರುತ್ತಿತ್ತು. ನನ್ನ ದನಿ, ಕಸ್ತೂರಿಯ ದನಿ, ಮಹಾಂತೇಶನ ದನಿ, ಬಂದುಹೋದವರ ದನಿ ಎಲ್ಲ ಸೇರಿ ತೊಲೆಯಿಂದ ತೊಲೆಗೆ ತುಳಸಾ ತುಳಸಾ ಅಂತ ಗುಂಯ್‌ಗುಡುತ್ತಿದ್ದವು. ಒಗೆದ ಬಟ್ಟೆ ಮಡಚಲು ಹೋದರೆ ಮಡಿಕೆಯೊಳಗೂ ಒಂದು ತುಳಸಾ.

ಬಂದವರೆಲ್ಲ ಒಂದೊಂದು ಹೇಳಿದರು. ಹೆಣ್ಣು ಕೂಸು, ನಾಚಿಕೆ ಅಂದರು. ಒಂದೇ ಕೂಸು, ಮುದ್ದು ಹೆಚ್ಚಾಗೈತಿ ಅಂದರು. ತಾಯಿ ಒಬ್ಬಳೇ ಇಬ್ಬರ ಮಾತೂ ಆಡಿಬಿಟ್ಟರೆ ಕೂಸಿಗೆ ಮಾತು ಎಲ್ಲಿ ಉಳಿದೀತು ಅಂತ ಒಬ್ಬಳು ಕಸ್ತೂರಿಯ ಮುಖಕ್ಕೇ ಅಂದಳು. ಅವತ್ತಿನಿಂದ ಕಸ್ತೂರಿ ಬಾಯಿ ಬಿಗಿಹಿಡಿದಳು. ಆ ಹುಡುಗಿ ಪಿಸುಮಾತಿನಲ್ಲಿ ಉಪ್ಪು ಕೇಳತೊಡಗಿದಳು.

ಮಹಾಂತೇಶನಂತೂ ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಡದೆ ಹೇಳಿಬಿಟ್ಟ. "ಅದರಾಗೇನೈತಿ? ನಾನೂ ನಾಕು ವರ್ಷಕ್ಕ ಮಾತಾಡಿದ್ದಂತ."

"ಯಾರು ಹೇಳಿದ್ರು?" ಅಂದೆ. "ಎರಡು ತುಂಬೂದ್ರಾಗ ನನ್ನ ತಲಿ ತಿಂದು ಹಾಕಿದ್ದಿ. ಹೆತ್ತಾಕಿ ನಾನು, ನನಗ ಗೊತ್ತಿಲ್ಲೇನು?"

ಅವನು ಚೈನಿಗೆ ಎಣ್ಣೆ ಬಿಡುತ್ತ ಕೂತ. ಅವನಿಗೂ ಹೆದರಿಕೆ ಆಗಿದೆ ಅಂತ ನನಗೆ ಅವತ್ತೇ ತಿಳಿಯಿತು. ಹೆದರಿದಾಗ ಅವನು ಚಿಕ್ಕಂದಿನಿಂದಲೂ ಹಾಗೆಯೇ, ಕೈಗೆ ಕೆಲಸ ಕೊಟ್ಟು ಕಿವಿ ಮುಚ್ಚಿಕೊಳ್ಳುತ್ತಾನೆ.

ಕಿವಿ ಕೇಳಿಸುವುದಿಲ್ಲವೇನೋ ಅಂತ ಕಸ್ತೂರಿ ತಾನೇ ಪರೀಕ್ಷೆ ಮಾಡಿದಳು. ಕೂಸಿನ ಬೆನ್ನ ಹಿಂದೆ ನಿಂತು ಹೆಸರು ಹೇಳಿದಳು. ಚಮಚದ ಸಾಲು ಬಿಟ್ಟು ಕಣ್ಣು ಏಳಲಿಲ್ಲ. ಆದರೆ ಅಂಗಡಿಯಲ್ಲಿ, ಎರಡು ಕೋಣೆ ಆಚೆ, ಚಕ್ರವೊಂದು ಟಿಕ್ ಟಿಕ್ ಅಂದಿದ್ದೇ ತಡ, ಕೂಸು ಎದ್ದು ಓಡಿತು. ಕಸ್ತೂರಿ ನನ್ನ ಕಡೆ ತಿರುಗಿ, "ಅತ್ತಿ, ಕಿವಿ ಕೇಳಸ್ತಾವ. ನಾನು ಕೇಳಸೂದಿಲ್ಲ" ಅಂದಳು. ನಾನು ಅವಳ ತಲೆ ಸವರಿ ಒಳಗೆ ಹೋದೆ.

ಇಲ್ಲಿ ನಮ್ಮ ಊರಿನ ಇನ್ನೊಂದು ಕಟ್ಟಳೆ ಹೇಳಬೇಕು. ಮೂರು ವರ್ಷ ತುಂಬಿದರೂ ಓಗೊಡದ ಮಗುವಿನ ಮನೆಗೆ ಹಿರಿಯರು ಬರುತ್ತಾರೆ. ಕಿಟಕಿ ಬಾಗಿಲು ತೆಗೆಸಿ, ಲೋಬಾನದ ಹೊಗೆ ಹಾಕಿ, ತುಂಬಿಕೊಂಡ ಹೆಸರನ್ನೆಲ್ಲ ಬಯಲಿಗೆ ಬಿಡುತ್ತಾರೆ. ಅದಕ್ಕೆ ಹೆಸರು ಬಿಡಿಸುವುದು ಅನ್ನುತ್ತೇವೆ. ಆಮೇಲೆ ಆ ಮಗುವನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕೆಟ್ಟ ಮನಸ್ಸಿನಿಂದ ಮಾಡುವ ಕೆಲಸವಲ್ಲ ಅದು. ಹಗಲೂ ರಾತ್ರಿ ಗುಂಯ್‌ಗುಡುವ ಮನೆಯಲ್ಲಿ ಯಾರು ತಾನೇ ಬಾಳಿಯಾರು? ಮಗುವಿಗೆ ಅನ್ನ ಹಾಕುತ್ತಾರೆ, ಹಬ್ಬಕ್ಕೆ ಹೊಸ ಬಟ್ಟೆ ತರುತ್ತಾರೆ. ಕರೆಯುವುದಿಲ್ಲ, ಅಷ್ಟೇ.

ಓಣಿಯ ಕೊನೆಯ ಮನೆಯಲ್ಲಿ ಗಾದಿ ಹೊಲಿಯುವ ಮಾಬೂಬಿ ಇದ್ದಾಳೆ. ಅವಳ ಮಗ ಖಾದರನ ಹೆಸರನ್ನು ಅವನು ಇಷ್ಟುದ್ದ ಇದ್ದಾಗಲೇ ಬಿಡಿಸಿದ್ದರು. ಈಗ ಗಡ್ಡದಲ್ಲಿ ಬಿಳಿ ಕೂದಲು ಕಾಣುತ್ತದೆ. ದಿನಾ ಬೆಳಿಗ್ಗೆ ಬಾವಿಯ ಸುತ್ತ ಅದೇ ದಾರಿಯಲ್ಲಿ ನಡೆದು, ಅದೇ ಕಲ್ಲಿನ ಮೇಲೆ ಕೂತು, ಬಿಸಿಲೇರಿದರೆ ಮನೆಗೆ ಹೋಗುತ್ತಾನೆ. ಊಟದ ಹೊತ್ತಿಗೆ ಮಾಬೂಬಿ ತಟ್ಟೆಯ ಮೇಲೆ ಚಮಚದಿಂದ ಬಡಿಯುತ್ತಾಳೆ. ನಾವೆಲ್ಲ ಅದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಗಿತ್ತು.

ತುಳಸಾಗೆ ಎರಡೂವರೆ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಮಾಬೂಬಿ ತಮ್ಮ ಹಬ್ಬದ ಶಾವಿಗೆ ಪಾಯಸ, ಶೀರಖುರ್ಮಾ ತಂದಳು. ಪಾತ್ರೆ ಕೊಟ್ಟು ಹೊರಡುವವಳು ಕೂಸನ್ನು ನೋಡುತ್ತ ಕಟ್ಟೆಯ ಮೇಲೆ ಕೂತಳು. ಒಲೆಯ ಮೇಲೆ ಕುಕ್ಕರ್ ಸೀಟಿ ಹೊಡೆಯಿತು. ತುಳಸಾ ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೊಕ್ಕು ಹಿಂದಕ್ಕೂ ಮುಂದಕ್ಕೂ ತೂಗತೊಡಗಿದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಕಸ್ತೂರಿಯ ಮುಖ ನೋಡದೆ, ಅವಳ ಮುಂಗೈ ಹಿಡಿದು ಎಳೆದುಕೊಂಡು ಹೋಗಿ ಬಿಸ್ಕೀಟಿನ ಡಬ್ಬಿಯ ಮೇಲೆ ಇಟ್ಟಳು. ಬೆರಳು ತೋರಿಸಲಿಲ್ಲ, ಬೇಕು ಅನ್ನಲಿಲ್ಲ. ಅಮ್ಮನ ಕೈ ಅನ್ನುವುದು ಡಬ್ಬಿ ತೆಗೆಯುವ ಒಂದು ಸಾಮಾನು ಅನ್ನುವ ಹಾಗೆ. ಕಸ್ತೂರಿ ತೆಗೆದುಕೊಟ್ಟಳು. ಕೂಸು ಬಾಯಿಬಿಟ್ಟು, "ಬಿಸ್ಕೀಟ ಬೇಕೇನ ನನ್ನವ್ವಗ?" ಅಂದಿತು. ಅದು ಕಸ್ತೂರಿ ದಿನಾ ಕೇಳುವ ಮಾತು. ಅದೇ ರಾಗ, ಅದೇ ಎಳೆತ. ಮಾತು ಬಂತು ಅಂತ ನಾನು ಹಿಗ್ಗುತ್ತಿದ್ದೆ. ಮಾಬೂಬಿಯನ್ನು ನೋಡಿದರೆ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು.

"ಕಸ್ತೂರಿ," ಅಂದಳು, ಕೂಗಲಿಲ್ಲ, ಕೈ ಹಿಡಿದು ಮೆಲ್ಲಗೆ ಹೇಳಿದಳು. "ನೀ ಸಿಟ್ಟಾದ್ರೂ ಅಡ್ಡಿಯಿಲ್ಲ, ಒಂದು ಮಾತು ಹೇಳ್ತೀನಿ. ನನ್ನ ಖಾದರ ಹಿಂಗ ಇದ್ದ. ಇದ ಕೈ ಹಿಡಿಯೂದು, ಇದ ಕಿವಿ ಮುಚ್ಚೂದು, ನಾ ಅಂದದ್ದ ನನಗ ತಿರುಗಿ ಅನ್ನೂದು. ನನಗ ಯಾರೂ ಏನೂ ಹೇಳಲಿಲ್ಲ. ನಾಚಿಕಿ ಅಂದ್ರು, ಗ್ರಹಚಾರ ಅಂದ್ರು. ಹೆಸರು ಬಿಡಿಸಿ ಹೋದ್ರು. ನಿನ್ನ ಮಗಳಿಗೆ ಹಂಗ ಆಗೂದು ಬ್ಯಾಡ. ನಗರದಾಗ ಮಕ್ಕಳ ಬೆಳವಣಿಗಿ ನೋಡೂ ಡಾಕ್ಟರ್ ಇರ್ತಾರಂತ. ನನ್ನ ಗಾದಿ ಗಿರಾಕಿ ಒಬ್ರು ಹೇಳ್ಯಾರ. ಕರ್ಕೊಂಡು ಹೋಗು."

ಬಾಗಿಲಲ್ಲಿ ನಿಂತಿದ್ದ ಮಹಾಂತೇಶ ಅದನ್ನೆಲ್ಲ ಕೇಳಿಸಿಕೊಂಡಿದ್ದ. "ನಿಮ್ಮ ಮಗ ನಿಮ್ಮ ಮಗ. ನನ್ನ ಮಗಳಿಗೆ ಏನೂ ಆಗಿಲ್ಲ," ಅಂದ. "ಹಬ್ಬದ ದಿನ ಮನಿಗೆ ಬಂದು ಇಂಥಾ ಮಾತು ಆಡಬಾರದು ಮಾಬೂಬಿ."

ಮಾಬೂಬಿ ಎದ್ದು ಚಪ್ಪಲಿ ಹಾಕಿಕೊಂಡಳು. ಹೊಸ್ತಿಲಲ್ಲಿ ನಿಂತು, "ಬೈಯಪ್ಪ, ಬೈ. ನಾಳೆನೂ ಬರ್ತೀನಿ" ಅಂದಳು. ಹೇಳಿದ ಹಾಗೆ ಮರುದಿನವೂ ಬಂದಳು. ಅದರ ಮರುದಿನವೂ ಬಂದಳು. ಅವನು ಮಾತಾಡಿಸದಿದ್ದರೂ ಬಂದು ಕಟ್ಟೆಯ ಮೇಲೆ ಕೂತು ಸೂಜಿ ಪೋಣಿಸುತ್ತ ಕಸ್ತೂರಿಗೆ ಖಾದರನ ಬಾಲ್ಯ ಹೇಳುತ್ತಿದ್ದಳು. ಪಾತ್ರೆ ಕೊಟ್ಟು ನಕ್ಕು ಹೋಗಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ನಮ್ಮ ಮನೆಯಲ್ಲಿ ಕೆಟ್ಟವಳಾದರೂ ಆಗಲಿ ಅಂತ ಬಾಯಿಬಿಟ್ಟಳಲ್ಲ, ಅಷ್ಟು ಎದೆಗಾರಿಕೆ ನಾನು ಬಾಳಿನಲ್ಲಿ ಇನ್ನೊಬ್ಬರಲ್ಲಿ ಕಂಡಿಲ್ಲ.

ಕಸ್ತೂರಿ ಹಟ ಹಿಡಿದಳು. ಮಹಾಂತೇಶ ಬರಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಕಸ್ತೂರಿ, ನಾನು, ಮಾಬೂಬಿ ಮೂವರೂ ತುಳಸಾಳನ್ನು ಕರೆದುಕೊಂಡು ನಗರದ ಬಸ್ಸು ಹತ್ತಿದೆವು. ಹಾರ್ನ್ ಆದಾಗಲೆಲ್ಲ ಕೂಸು ಚೀರುತ್ತಿತ್ತು. ಜನ ತಿರುಗಿ ತಿರುಗಿ ನೋಡುತ್ತಿದ್ದರು. ಮಾಬೂಬಿ ತನ್ನ ದುಪಟ್ಟಾ ಬಿಚ್ಚಿ ಕೂಸಿನ ತಲೆಗೆ ಸುತ್ತಿ ಎರಡೂ ಕೈಯಿಂದ ಬಿಗಿಯಾಗಿ ಒತ್ತಿ ಹಿಡಿದುಕೊಂಡಳು. ಕೂಸು ಹಾಗೇ ನಿದ್ದೆ ಹೋಯಿತು.

ಡಾಕ್ಟರ್ ನಡುವಯಸ್ಸಿನ ಹೆಂಗಸು. ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ಕೂಸಿನ ಮುಂದೆ ಗೊಂಬೆ, ಚೆಂಡು, ಪುಟ್ಟ ಗಾಡಿ ಇಟ್ಟರು. ತುಳಸಾ ಗಾಡಿ ಮಗುಚಿ ಹಾಕಿ ಚಕ್ರ ತಿರುಗಿಸತೊಡಗಿದಳು. ಡಾಕ್ಟರ್ ಅವಸರ ಮಾಡದೆ ನೋಡಿದರು. ಸೋಪಿನ ನೀರಿನ ಗುಳ್ಳೆ ಊದಿದರು, ಹೆಸರು ಕರೆದರು, ಮೇಲೆ ಬೆರಳು ತೋರಿಸಿ "ಅಲ್ನೋಡು" ಅಂದರು. ಕೂಸು ಅವರ ಬೆರಳನ್ನೂ ನೋಡಲಿಲ್ಲ, ಬೆರಳು ತೋರಿಸಿದ ಕಡೆಯೂ ನೋಡಲಿಲ್ಲ. ಆಮೇಲೆ ಕಸ್ತೂರಿಯನ್ನು ಕೇಳಿದರು.

"ಏನಾದ್ರೂ ಚೆನ್ನಾಗಿರೋದು ಕಂಡ್ರೆ ನಿಮಗೆ ತೋರಿಸೋಕೆ ತರ್ತಾಳಾ?"

"ಇಲ್ರಿ. ಬೇಕಾದ್ದಕ್ಕ ಕೈ ಹಿಡಕೊಂಡು ಹೋಗ್ತಾಳ. ತೋರಸಾಕ ಅಂತ ಏನೂ ತಂದಿಲ್ಲ."

"ಗೊಂಬೆಗೆ ಊಟ ಮಾಡಿಸೋದು, ಫೋನಲ್ಲಿ ಮಾತಾಡೋ ಹಾಗೆ ಆಟ ಆಡೋದು?"

"ಇಲ್ರಿ. ಸಾಲು ಹಚ್ತಾಳ. ಅದ ಆಟ."

"ನಿಮಗೆ ಯಾವಾಗಿಂದ ಅನುಮಾನ ಬಂತು?"

ಕಸ್ತೂರಿ ತಲೆ ತಗ್ಗಿಸಿದಳು. "ವರ್ಷ ತುಂಬಿದಾಗಿಂದ ಮನಸ್ಸು ಹೇಳ್ತಿತ್ತು. ಹೇಳಿದ್ರ ಯಾರೂ ಕೇಳಲಿಲ್ಲ. ನಾ ಭಾಳ ಮಾತಾಡಿದ್ದಕ್ಕ ಹಿಂಗಾತೇನ್ರಿ?"

ಡಾಕ್ಟರ್ ಕಸ್ತೂರಿಯ ಕೈ ಹಿಡಿದುಕೊಂಡರು. "ನೀವು ಮಾತಾಡಿದ್ದಕ್ಕಲ್ಲ, ಮಾತಾಡದೆ ಇದ್ದದ್ದಕ್ಕೂ ಅಲ್ಲ. ತಾಯಿಯಿಂದ ಬರೋದಲ್ಲ ಇದು. ಇದಕ್ಕೆ ಆಟಿಸಂ ಅಂತಾರೆ. ಮಗು ಜಗತ್ತನ್ನ ಕೇಳಿಸಿಕೊಳ್ಳೋ ರೀತಿ, ನೋಡೋ ರೀತಿ, ಜನರ ಜೊತೆ ಬೆರೆಯೋ ರೀತಿ ಬೇರೆ ಥರ ಬೆಳೆದಿರುತ್ತೆ. ಒಂದೇ ಗುಣ ನೋಡಿ ಹೇಳೋಕಾಗಲ್ಲ. ಎಷ್ಟೋ ಮಕ್ಕಳು ತಡವಾಗಿ ಮಾತಾಡ್ತಾರೆ, ಎಷ್ಟೋ ಮಕ್ಕಳು ಚಕ್ರ ನೋಡ್ತಾರೆ. ಹೆಸರಿಗೆ ತಿರುಗದೆ ಇರೋದು, ಬೆರಳು ತೋರಿಸದೆ ಇರೋದು, ಸದ್ದು ತಾಳಲಾರದೆ ಇರೋದು, ಹೀಗೆ ಹಲವು ಒಟ್ಟಿಗೆ ಕಂಡಾಗ ಬಂದು ತೋರಿಸಬೇಕು. ಕಿವಿ ಪರೀಕ್ಷೆ ಇವತ್ತೇ ಮಾಡಿಸೋಣ, ಇನ್ನೂ ಕೆಲವು ಸಲ ನೋಡ್ತೀನಿ. ನೀವು ಬೇಗ ಬಂದಿದ್ದೀರಿ, ಅದು ದೊಡ್ಡದು."

"ಔಷಧ?" ಅಂದೆ ನಾನು.

"ಇದನ್ನ ತೆಗೆದುಹಾಕೋ ಔಷಧ ಇಲ್ಲ ಅಜ್ಜಿ. ತೆಗೆದುಹಾಕೋಕೆ ಇದು ಹುಣ್ಣಲ್ಲ. ಕಲಿಸೋ ದಾರಿ ಇದೆ. ಅವಳು ನಿಮ್ಮ ಆಟಕ್ಕೆ ಬರೋ ತನಕ ಕಾಯಬೇಡಿ, ನೀವು ಅವಳ ಆಟದೊಳಗೆ ಹೋಗಿ. ನೆಲದ ಮೇಲೆ, ಅವಳ ಎತ್ತರಕ್ಕೆ. ಕಡಿಮೆ ಮಾತು. ಹೇಳಿ, ಆಮೇಲೆ ಸುಮ್ಮನೆ ಕಾಯಿರಿ. ಅವಳು ಕೊಡೋ ಉತ್ತರ ನಿಮಗೆ ಗೊತ್ತಿರೋ ಥರ ಇರಲ್ಲ. ಗುರುತಿಸೋದು ನಿಮ್ಮ ಕೆಲಸ."

ಹೊರಗಿನ ಮೊಗಸಾಲೆಯಲ್ಲಿ ಕಸ್ತೂರಿ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಆ ಅಳುವಿನಲ್ಲಿ ದುಃಖವಿತ್ತು, ಆದರೆ ದುಃಖ ಒಂದೇ ಇರಲಿಲ್ಲ. ನೀನು ಕಂಡದ್ದು ನಿಜ ಅಂತ ಒಬ್ಬರು ಅವಳಿಗೆ ಹೇಳಿದ್ದು ಅದೇ ಮೊದಲು. ಆ ಹೊತ್ತಿಗೆ ಮಾಬೂಬಿ ಮಾತ್ರ ಒಳಗೇ ಉಳಿದಿದ್ದಳು. "ಗಡ್ಡ ಬಂದಂವ ಆದ್ರ, ಈಗ ತಂದ್ರ ನಡೀತದೇನ್ರಿ?" ಅಂತ ಕೇಳುತ್ತಿದ್ದದ್ದು ಬಾಗಿಲ ಸಂದಿಯಿಂದ ಕೇಳಿಸಿತು. "ಕರ್ಕೊಂಡು ಬನ್ನಿ," ಅಂದರು ಡಾಕ್ಟರ್.

ಊರಿಗೆ ಬಂದ ಮೇಲೆ ಕಸ್ತೂರಿ ಮೊದಲು ಮಾಡಿದ್ದು ಕುಕ್ಕರನ್ನು ಹಿತ್ತಲಿನ ಒಲೆಗೆ ಸಾಗಿಸಿದ್ದು. ಚಮಚದ ಸಾಲಿಗೆ ತಾನೂ ಒಂದು ಚಮಚ ಇಟ್ಟಳು. ತುಳಸಾ ಅದನ್ನು ತೆಗೆದು ಎಸೆದಳು. ಮತ್ತೆ ಇಟ್ಟಳು, ಮತ್ತೆ ಎಸೆದಳು. ಎಷ್ಟೋ ದಿನದ ಮೇಲೆ ಒಮ್ಮೆ ಎಸೆಯಲಿಲ್ಲ; ಸ್ವಲ್ಪ ಸರಿಸಿ ನೇರ ಮಾಡಿದಳು. ಕಸ್ತೂರಿ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಒಂದು ಚಮಚಕ್ಕೆ ಇಷ್ಟೊಂದು ಹಿಗ್ಗೇ ಅಂತ ನೋಡಿದವರು ನಕ್ಕಾರು. ನಗಲಿ.

ಮಹಾಂತೇಶ ಇದನ್ನೆಲ್ಲ ಬಾಗಿಲಿನಿಂದ ನೋಡುತ್ತಿದ್ದ. ಡಾಕ್ಟರ್ ಏನಂದರು ಅಂತ ಅವನು ಕೇಳಲಿಲ್ಲ, ಕಸ್ತೂರಿಯೂ ಬಲವಂತವಾಗಿ ಹೇಳಲಿಲ್ಲ. ಒಂದು ದಿನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ನಾನು ಚಹಾ ಒಯ್ದೆ. ನೋಡಿದರೆ ನನ್ನ ಮಗ ಎಣ್ಣೆ ಮೆತ್ತಿದ ನೆಲದ ಮೇಲೆ ಕೆನ್ನೆ ಹಚ್ಚಿ ಮಲಗಿದ್ದಾನೆ, ಪಕ್ಕದಲ್ಲಿ ಮಗಳು. ಮೇಲೆ ಚಕ್ರ ತಿರುಗುತ್ತಿದೆ. ಅವನು ಕೈಯಿಂದ ಚಕ್ರ ಹಿಡಿದು ನಿಲ್ಲಿಸಿದ. ಕಾದ. ತುಳಸಾ ಕೈ ಬಡಿದಳು, ಗೊಣಗಿದಳು, ಕೊನೆಗೆ ಅವನ ಮುಖದ ಮೇಲೆ ಒಮ್ಮೆ ಕಣ್ಣು ಹಾಯಿಸಿದಳು. ಅವನು ಕೂಡಲೇ ಚಕ್ರ ಬಿಟ್ಟ. ಮತ್ತೆ ನಿಲ್ಲಿಸಿದ. ಈ ಸಲ ನಿಲ್ಲಿಸಿ ಮೆಲ್ಲಗೆ, "ತುಳಸಾ" ಅಂದ. ಕೂಸು ಅವನ ಕಡೆ ನೋಡಲಿಲ್ಲ. ಆದರೆ ಕೈ ಚಾಚಿ ತನ್ನ ಪುಟ್ಟ ಅಂಗೈಯನ್ನು ಅವನ ಮುಂಗೈ ಮೇಲೆ ಇಟ್ಟು ತಟ್ಟಿತು.

ನಾನು ಚಹಾದ ಲೋಟ ಹಿಡಿದು ನಿಂತಿದ್ದೆ. ಅಂಗಡಿಯ ಛಾವಣಿಯಲ್ಲಿ, ಒಳಗಿನ ತೊಲೆಗಳಲ್ಲಿ, ಎಲ್ಲೆಲ್ಲಿ ಮಹಾಂತೇಶನ ದನಿಯ ತುಳಸಾ ಇತ್ತೋ ಅದೆಲ್ಲ ಒಂದೊಂದಾಗಿ ಆರಿತು. ಗುಂಯ್ ಅನ್ನುವುದರ ನಡುವೆ ಒಂದು ದನಿ ಕಡಿಮೆಯಾದದ್ದು ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಕಸ್ತೂರಿ ಒಳಗಿನಿಂದ ಬರಿಗಾಲಿನಲ್ಲಿ ಓಡಿ ಬಂದಳು. ಮಹಾಂತೇಶ ಎದ್ದು ಕೂರಲೂ ಇಲ್ಲ. ಮಲಗಿದಲ್ಲೇ ಕಣ್ಣು ಮುಚ್ಚಿಕೊಂಡು, "ಅವ್ವಾ, ಮಾಬೂಬಿನ್ನ ಕರಿ" ಅಂದ. "ನಾ ಆಕಿ ಕಾಲಿಗೆ ಬೀಳಬೇಕು."

ಮಾಬೂಬಿ ಬಂದಳು, ಆದರೆ ಕಾಲು ಮುಟ್ಟಗೊಡಲಿಲ್ಲ. "ಎಣ್ಣಿ ಕೈ ತೊಳಕೋ ಮೊದಲ" ಅಂತ ಗದರಿದಳು.

ಅಷ್ಟರಲ್ಲಿ ತುಳಸಾಗೆ ಮೂರು ತುಂಬಿತು. ಹಿರಿಯರು ಬಂದರು. ಮುಂದೆ ಸಂಗಪ್ಪಜ್ಜ, ಊರಿನ ಎಲ್ಲ ಕಾರ್ಯಕ್ಕೂ ಮುಂದೆ ನಿಲ್ಲುವವನು, ಒಳ್ಳೆಯ ಮನುಷ್ಯ. ಹಿಂದೆ ಲೋಬಾನದ ಧೂಪಾರತಿ ಹಿಡಿದವರು. ಸಂಗಪ್ಪಜ್ಜ ಬಾಗಿಲಲ್ಲೇ ನಿಂತು ನನಗೆ ಹೇಳಿದ. "ಗುರವ್ವ, ಮನಸ್ಸು ಗಟ್ಟಿ ಮಾಡ್ಕೋ. ಈ ಸದ್ದಿನಾಗ ನಿಮಗಷ್ಟ ಅಲ್ಲ, ಕೂಸಿಗೂ ಹಿಂಸೆ. ನೋಡು, ಕಿವಿ ಮುಚ್ಚಿಕೊಂಡು ಕುಂತೈತಿ."

ಅವನು ಹೇಳಿದ್ದು ಸುಳ್ಳಲ್ಲ. ಆ ಗುಂಯ್ ಸದ್ದು ಕೂಸಿಗೆ ನಿಜವಾಗಿಯೂ ಹಿಂಸೆ. ಆಗ ಕಸ್ತೂರಿ ಮುಂದೆ ಬಂದಳು. ಎಷ್ಟೋ ತಿಂಗಳ ಮೇಲೆ ಅವಳ ಪೂರ್ತಿ ದನಿ ಕೇಳಿದೆ.

"ಸದ್ದು ಹೋಗಬೇಕು ಅಜ್ಜಾ, ಖರೆ. ಹೆಸರು ಹೋಗಬಾರದು. ನನ್ನ ಮಗಳು ಓ ಅಂತಾಳ. ಬಾಯಿಲೆ ಅನ್ನಂಗಿಲ್ಲ, ಅಷ್ಟ. ಕರದವರು ಆಕಿ ಕಡೆ ಬಂದು ಇಸ್ಕೋಬೇಕು. ನೀವೂ ಆಕಿನ್ನ ಕರದೀರಿ. ತೊಟ್ಟಲದಾಗ ಹಾಕಿದ ದಿನ ಮೊದಲ ಹೆಸರು ಹಿಡದವರು ನೀವ. ನಿಮ್ಮ ದನಿ ಅಲ್ಲೆ ದೇವರ ಜಗಲಿ ಮ್ಯಾಲೆ ಐತಿ, ಕೇಳ್ರಿ."

ಎಲ್ಲರೂ ಕಿವಿಗೊಟ್ಟರು. ಹೌದು, ಅಲ್ಲಿತ್ತು, ಮುದುಕನ ಒರಟು ದನಿಯ ತುಳಸಾ. ಸಂಗಪ್ಪಜ್ಜನ ಮುಖ ಮೆತ್ತಗಾಯಿತು. "ಏನು ಮಾಡಬೇಕು?" ಅಂದ.

"ಮಲಗಬೇಕು," ಅಂದ ಮಹಾಂತೇಶ, ಅಂಗಡಿಯ ನೆಲ ತೋರಿಸಿ.

ಸಂಗಪ್ಪಜ್ಜನಿಗೆ ಮೊಣಕಾಲು ಬಗ್ಗುವುದಿಲ್ಲ. ಇಬ್ಬರು ರಟ್ಟೆ ಹಿಡಿದು ಇಳಿಸಿದರು. ಬಿಳಿ ಧೋತರಕ್ಕೆ ಎಣ್ಣೆ ಮೆತ್ತಿತು, ತಲೆಯ ಪಟಗ ಉರುಳಿ ಹೋಯಿತು. ಆ ದೊಡ್ಡ ಮನುಷ್ಯ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದು ನೋಡಿ ಜೊತೆಗೆ ಬಂದವರು ಎಲ್ಲಿ ನೋಡಬೇಕೋ ತಿಳಿಯದೆ ನಿಂತರು. ಮಹಾಂತೇಶ ಚಕ್ರ ತಿರುಗಿಸಿದ. ತುಳಸಾ ಮೊದಲು ದೂರ ನಿಂತಳು, ಆಮೇಲೆ ಬಂದು ತನ್ನ ಜಾಗದಲ್ಲಿ ಮಲಗಿದಳು. ಚಕ್ರ ನಿಂತಿತು. "ತುಳಸಾ" ಅಂದ ಸಂಗಪ್ಪಜ್ಜ. ಏನೂ ಆಗಲಿಲ್ಲ. ಅವನು ಇನ್ನೊಮ್ಮೆ ಬಾಯಿ ತೆರೆದಾಗ ಕಸ್ತೂರಿ ಬೆರಳು ತುಟಿಗಿಟ್ಟು, ಕಾಯಿರಿ ಅಂತ ಸನ್ನೆ ಮಾಡಿದಳು. ಕಾದೆವು. ಹೊರಗೆ ಯಾರದೋ ಎತ್ತಿನ ಗೆಜ್ಜೆ ಹಾದುಹೋಯಿತು. ತುಳಸಾ ಅಜ್ಜನ ಗಡ್ಡದ ಕಡೆ ವಾರೆಗಣ್ಣಿನಿಂದ ನೋಡಿ, ಅವನ ಕೈ ಎತ್ತಿ ಚಕ್ರದ ಮೇಲೆ ಇಟ್ಟಳು. ಒಳಗೆ ಜಗಲಿಯ ಮೇಲಿನ ದನಿ ಆರಿತು.

ಸಂಗಪ್ಪಜ್ಜ ಏಳಲು ಆತುರ ಪಡಲಿಲ್ಲ. ಚಕ್ರ ತಿರುಗಿಸಿದ, ತಾನೂ ನೋಡಿದ. "ಕಡ್ಡಿ ಎಲ್ಲಾ ಕೂಡಿ ಒಂದ ಬೆಳಕು ಆಗತೈತಿ," ಅಂದ ಬೆರಗಿನಿಂದ. ಆಮೇಲೆ ಧೂಪಾರತಿಯವರಿಗೆ, "ಅದನ್ನ ಹೊರಗ ಒಯ್ದು ಆರಸ್ರಿ, ಕೂಸಿಗೆ ಹೊಗಿ ಆದೀತು" ಅಂದ.

ಮುಂದೆ ಎಷ್ಟೋ ದಿನ ನಮ್ಮ ಅಂಗಡಿಗೆ ಸೈಕಲ್ ಇಲ್ಲದವರೂ ಬಂದರು. ಓಣಿಯ ಹೆಂಗಸರು ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಮಲಗಿದರು. ತಾಯಿಯ ಮಾತು ಹೆಚ್ಚಾಯಿತು ಅಂತ ಆಡಿಕೊಂಡಿದ್ದವಳೂ ಬಂದಳು; ಕಸ್ತೂರಿ ಅವಳಿಗೆ ತಲೆಯ ಕೆಳಗೆ ಇಟ್ಟುಕೊಳ್ಳಲು ಒಂದು ಬಟ್ಟೆ ಮಡಚಿ ಕೊಟ್ಟಳು. ಎಲ್ಲರಿಗೂ ಉತ್ತರ ಸಿಗಲಿಲ್ಲ. ತುಳಸಾಗೆ ದಣಿವಾದರೆ ಕಸ್ತೂರಿ ಅಂಗಡಿಯ ಬಾಗಿಲು ಎಳೆದು, "ಇನ್ನೊಂದು ದಿನ ಬರ್ರಿ" ಅನ್ನುತ್ತಿದ್ದಳು. ಕೆಲವರ ಕೂಗುಗಳು ಇಂದಿಗೂ ನಮ್ಮ ತೊಲೆಯಲ್ಲಿವೆ. ಸೋದರ ಮಾವನೊಬ್ಬನ ದನಿ ತುಸು ಗಡಸು, ಅವನು ಹತ್ತಿರ ಬಂದರೆ ಕೂಸು ಓಡುತ್ತದೆ. ಇರಲಿ. ನನ್ನದು, ಕಸ್ತೂರಿಯದು ಎಂದೋ ಆರಿವೆ. ಕಸ್ತೂರಿಯ ದನಿ ಆರಿದ ಕ್ಷಣ ನಾನು ಅಲ್ಲಿರಲಿಲ್ಲ. ಅದು ತಾಯಿ ಮಗಳ ನಡುವೆ ಆದದ್ದು, ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಮಾಬೂಬಿ ಖಾದರನನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಬಂದ ಮೇಲೆ ಒಂದು ಬೆಳಿಗ್ಗೆ, ಬಾವಿಯ ದಾರಿಯಲ್ಲಿ ನಿಂತು, ಅಷ್ಟು ವರ್ಷಗಳ ನಂತರ ಮೊದಲ ಸಲ, "ಖಾದರ" ಅಂದಳು. ಅವನು ನಿಲ್ಲದೆ ನಡೆದುಹೋದ. ಹೆಸರು ದಿನವೆಲ್ಲ ಬಾವಿಯ ಕಟ್ಟೆಯ ಮೇಲೆ ನಿಂತಿತ್ತು. ನೀರಿಗೆ ಹೋದ ಹೆಂಗಸರು ಅದನ್ನು ಬಳಸಿಕೊಂಡು ಕೊಡ ತುಂಬಿದರು. ಇಳಿಹೊತ್ತಿಗೆ, ಎಂದೂ ಆ ಹೊತ್ತಿಗೆ ಹೊರಬರದ ಖಾದರ ಬಂದು ಅದರ ಕೆಳಗೆ ಕೂತ. ಮಾಬೂಬಿ ಪಕ್ಕದಲ್ಲಿ ಕೂತಳು. ಅಷ್ಟೇ. ಅದು ಆರಿತು. ಇಬ್ಬರೂ ಕತ್ತಲಾಗುವ ಮುಂಚೆ ಎದ್ದು ಮನೆಗೆ ಹೋದರು. ಈಗ ನಮ್ಮ ಊರಿನಲ್ಲಿ ಹೆಸರು ಬಿಡಿಸಲು ಯಾರೂ ಹೋಗುವುದಿಲ್ಲ. ಕೂಸು ತಿರುಗಿ ನೋಡದಿದ್ದರೆ ನೆಲದ ಮೇಲೆ ಕೂತು ನೋಡುತ್ತಾರೆ, ನಗರದ ಬಸ್ಸು ಹತ್ತುತ್ತಾರೆ.

ತುಳಸಾ ಈಗ ಶಾಲೆಗೆ ಹೋಗುತ್ತಾಳೆ. ಗಂಟೆ ಬಾರಿಸುವಾಗ ಕಿವಿ ಮುಚ್ಚಿಕೊಳ್ಳುತ್ತಾಳೆ, ಮಾಸ್ತರರು ಅದಕ್ಕೆ ಅವಳಿಗೆ ಮುಂಚೆಯೇ ಸನ್ನೆ ಮಾಡುತ್ತಾರೆ. ಹಾಜರಿಗೆ ಬೆಂಚು ಒಮ್ಮೆ ತಟ್ಟುತ್ತಾಳೆ. ಹೊಸಬರ ಕಣ್ಣು ನೋಡುವುದಿಲ್ಲ. ಮಾತು ಇದೆ, ಆದರೆ ನಮ್ಮಿಂದ ಕೇಳಿದ ಮಾತನ್ನೇ ಕೇಳಿದ ಹಾಗೆ ಎತ್ತಿ ಇಡುತ್ತಾಳೆ, ತನಗೆ ಹಸಿವಾದರೆ "ಹಸಿವಾತೇನ ತುಳಸಾ?" ಅನ್ನುತ್ತಾಳೆ. ಕೆಲವು ದಿನ ಕಷ್ಟ. ಕಾರಣ ತಿಳಿಯದ ಅಳು, ಗೋಡೆಗೆ ತಲೆ ಬಡಿದುಕೊಳ್ಳುವುದು, ಕಸ್ತೂರಿ ಅವಳನ್ನು ಬಿಗಿಯಾಗಿ ಅಪ್ಪಿ ಹಿಡಿದು ಕೂರುವುದು. ಅದನ್ನು ಮುಚ್ಚಿಟ್ಟು ಹೇಳಲಾರೆ.

ಮೊನ್ನೆ ನಾನು ಅಕ್ಕಿ ಆರಿಸುತ್ತ ಪಡಸಾಲೆಯಲ್ಲಿ ಕೂತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿತ್ತಲಿನಿಂದ ಗಟ್ಟಿಯಾಗಿ, ಎಳೆದು, ನನ್ನದೇ ರಾಗದಲ್ಲಿ, "ತುಳಸಾ, ಬಾರವ್ವ ಇಲ್ಲೆ" ಅಂತ ಕೂಗು ಬಂತು. ತುಳಸಾಳ ದನಿ. ಮೊದಲು ಅವಳು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಾಳೆ ಅನ್ನಿಸಿತು. ಮತ್ತೊಮ್ಮೆ ಕೂಗಿದಳು. ಆಗ ನನಗೆ ತಿಳಿಯಿತು. ಹತ್ತಿರ ಬಾ ಅಂತ ನಾನು ಕೂಗುವುದನ್ನು ಅವಳು ಈ ಮನೆಯಲ್ಲಿ ದಿನಾ ಕೇಳಿದ್ದು ಹೀಗೆಯೇ. ಕರೆಯುವುದಕ್ಕೆ ಅವಳ ಬಳಿ ಇದ್ದ ಮಾತು ಇದೊಂದೇ. ಅವಳು ಕರೆಯುತ್ತಿದ್ದದ್ದು ನನ್ನನ್ನು.

"ಓ," ಅಂದೆ. "ಬಂದೆ ನನ್ನವ್ವ."

ಮೊರ ಬಿಟ್ಟು ಹೋದೆ. ಪೇರಲ ಗಿಡದ ಬುಡದಲ್ಲಿ ಇರುವೆಗಳು ಒಂದು ಸತ್ತ ಚಿಟ್ಟೆಯ ಹಳದಿ ರೆಕ್ಕೆಯನ್ನು ನೆಟ್ಟಗೆ ಹಿಡಿದುಕೊಂಡು ಹೋಗುತ್ತಿದ್ದವು, ಹಾಯಿ ಕಟ್ಟಿದ ದೋಣಿಯ ಹಾಗೆ. ತುಳಸಾ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ನನ್ನ ಕಡೆ ತಿರುಗಲಿಲ್ಲ. ರೆಕ್ಕೆಯ ಮೇಲಿಟ್ಟ ಕಣ್ಣು ಕದಲಿಸದೆ, ಸ್ವಲ್ಪ ಪಕ್ಕಕ್ಕೆ ಸರಿದು, ನನಗೆ ಕೂರಲು ಜಾಗ ಬಿಟ್ಟಳು.